ಜಾಲತಾಣ ನಿರ್ಮಾಣದಲ್ಲಿ ಜನಸಾಮಾನ್ಯನೂ ಯಂತ್ರಬುದ್ಧಿಯೂ

ಗಣಕಯಂತ್ರದ ವಿದ್ಯೆಯನ್ನು ಅಭ್ಯಾಸ ಮಾಡದ ಸಾಮಾನ್ಯ ಮನುಷ್ಯನೊಬ್ಬನು ತನ್ನ ಕಸುಬನ್ನೋ, ತನ್ನ ಊರನ್ನೋ, ತಾನು ಕಲಿತ ಶಾಲೆಯನ್ನೋ ಕುರಿತು ಒಂದು ಜಾಲತಾಣವನ್ನು ಅನ್ಯರ ಹಂಗಿಲ್ಲದೆ ನಿರ್ಮಿಸಿಕೊಳ್ಳಬಲ್ಲನೆ? ಕೃತಕ ಬುದ್ಧಿಮತ್ತೆ ಎಂದು ಕರೆಯಲ್ಪಡುವ ಇತ್ತೀಚಿನ ಸಾಧನಗಳು ಈ ಕಾರ್ಯದಲ್ಲಿ ಅವನಿಗೆ ನಿಜವಾಗಿ ನೆರವಾಗುತ್ತವೆಯೆ, ಅಥವಾ ನೆರವಾದಂತೆ ತೋರುತ್ತವೆಯೆ? ಈ ಪ್ರಶ್ನೆಯನ್ನು ನಮ್ಮ ತೆಂಗಿನ ಸೀಮೆಯ ನೆಲದಲ್ಲಿ, ಅದರಲ್ಲಿಯೂ ಹಾಲ್ಕುರಿಕೆಯಂಥ ಒಂದು ಗ್ರಾಮದಲ್ಲಿ ನಿಂತು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ. ಕನ್ನಡ ಪಂಡಿತನಿಗೆ ಈ ವಿಷಯದಲ್ಲಿ ಏನು ಕೆಲಸವೆಂದು ಕೆಲವರಿಗೆ ಅನಿಸಬಹುದು. ಜಾಲತಾಣವೆಂಬುದು ಬಣ್ಣ ಚಿತ್ರಗಳ ಒಳಗೆ ಅಡಗಿರುವ ಬರಹವೇ ಆಗಿದೆ. ಬರಹವಿರುವ ಎಡೆಯಲ್ಲಿ ಪಂಡಿತನಿಗೆ ಪ್ರವೇಶವುಂಟೆಂಬ ಧೈರ್ಯದಿಂದ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಮೊದಲು ಜಾಲತಾಣದ ಸ್ವರೂಪವನ್ನು ಸ್ಥೂಲವಾಗಿ ತಿಳಿಯುವುದು ಉಚಿತ. ಅದಕ್ಕೆ ಒಂದು ವಿಳಾಸ ಬೇಕು. ಡೊಮೈನ್ ಎನ್ನುವ ಈ ಹೆಸರನ್ನು ಯಾರೂ ಶಾಶ್ವತವಾಗಿ ಕೊಳ್ಳಲಾರರು. ವರ್ಷವರ್ಷವೂ ಶುಲ್ಕ ತೆತ್ತು ಉಳಿಸಿಕೊಳ್ಳಬೇಕು. ಎರಡನೆಯದಾಗಿ ಪುಟಗಳನ್ನು ಇರಿಸಲು ಸದಾ ಎಚ್ಚರವಿರುವ ಒಂದು ಯಂತ್ರದಲ್ಲಿ ಸ್ಥಳ ಬೇಕು. ಅದನ್ನು ಸರ್ವರ್ ಎನ್ನುತ್ತಾರೆ. ಇನ್ನು ಪುಟಗಳು. ಇವನ್ನು ಎಚ್‌ಟಿಎಂಎಲ್ ಮೊದಲಾದ ಸಂಕೇತಭಾಷೆಗಳಲ್ಲಿ ರಚಿಸಬೇಕು. ಇದು ಶೀರ್ಷಿಕೆ, ಇದು ಪರಿಚ್ಛೇದ, ಇದು ಚಿತ್ರ, ಇಲ್ಲಿ ಒತ್ತಿದರೆ ಇಂಥ ಪುಟ ತೆರೆಯಲಿ ಎಂದು ಯಂತ್ರಕ್ಕೆ ಸೂಚಿಸುವ ಗುರುತುಗಳು ಇವು. ಇಷ್ಟು ದಿನ ಸಾಮಾನ್ಯನನ್ನು ಹೊರಗೆ ನಿಲ್ಲಿಸಿದ್ದು ಮುಖ್ಯವಾಗಿ ಈ ಮೂರನೆಯದು.

ಆದರೆ ಈ ವಿದ್ಯೆಯ ಮೂಲಪುರುಷನ ಆಶಯ ಹೀಗಿರಲಿಲ್ಲ. 1989ರಲ್ಲಿ ಜಿನೀವಾ ನಗರದ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್ ಲೀ ಎಂಬ ವಿಜ್ಞಾನಿ ವಿಶ್ವವ್ಯಾಪಿ ಜಾಲದ ಯೋಜನೆಯನ್ನು ಮುಂದಿಟ್ಟನು. ಮರುವರ್ಷ ಅವನು ರಚಿಸಿದ ಮೊಟ್ಟಮೊದಲ ತಂತ್ರಾಂಶದಲ್ಲಿ ಪುಟವನ್ನು ಓದುವುದಕ್ಕೂ ಅದೇ ಕಿಟಕಿಯಲ್ಲಿ ತಿದ್ದಿ ಬರೆಯುವುದಕ್ಕೂ ಅವಕಾಶವಿತ್ತು. ಓದುಗನೇ ಬರಹಗಾರನೂ ಆಗಬೇಕೆಂಬುದು ಅವನ ಭಾವನೆ. 1993ರ ಏಪ್ರಿಲ್ 30ರಂದು ಆ ಸಂಸ್ಥೆಯು ಈ ವಿದ್ಯೆಯನ್ನು ಯಾರಿಂದಲೂ ಶುಲ್ಕ ಪಡೆಯದೆ ಲೋಕಕ್ಕೆ ಬಿಟ್ಟುಕೊಟ್ಟಿತು. ಮುಂದೆ ಬಂದ ತಂತ್ರಾಂಶಗಳು ಓದುವ ಅರ್ಧವನ್ನು ಮಾತ್ರ ಉಳಿಸಿಕೊಂಡು ಬರೆಯುವ ಅರ್ಧವನ್ನು ಕೈಬಿಟ್ಟವು. ಪುಟ ಕಟ್ಟುವುದು ವೃತ್ತಿಪರರ ಪಾಲಾಯಿತು. ನಡುವೆ ಜಿಯೋಸಿಟೀಸ್ ಎಂಬಂಥ ಸೇವೆಗಳು ಸಾಮಾನ್ಯರಿಗೆ ಉಚಿತವಾಗಿ ಸ್ಥಳ ಕೊಟ್ಟು ಲಕ್ಷೋಪಲಕ್ಷ ಮಂದಿಯಿಂದ ಪುಟಗಳನ್ನು ಬರೆಸಿದವು. 2009ರಲ್ಲಿ ಅದರ ಒಡೆಯರು ಜಪಾನೊಂದನ್ನುಳಿದು ಎಲ್ಲೆಡೆ ಬಾಗಿಲು ಹಾಕಿದಾಗ ಆ ಪುಟಗಳೂ ಹೋದವು. ಕೆಲವು ಉತ್ಸಾಹಿಗಳು ನಕಲು ಮಾಡಿಟ್ಟುಕೊಂಡದ್ದಷ್ಟೇ ಉಳಿಯಿತು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಪ್ರಯೋಜನವುಂಟು.

ಈಗ ಪ್ರಸ್ತುತಕ್ಕೆ ಬರೋಣ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಎಂಬ ಸಂಭಾಷಣಾಯಂತ್ರವು ಸಾರ್ವಜನಿಕರಿಗೆ ದೊರೆತ ಮೇಲೆ, ಮನುಷ್ಯನ ಸಹಜವಾದ ಮಾತನ್ನು ಕೇಳಿ ಅದನ್ನು ಸಂಕೇತಭಾಷೆಗೆ ತಿರುಗಿಸಿಕೊಡುವ ಸಾಧನಗಳು ಒಂದರ ಹಿಂದೊಂದು ಬಂದಿವೆ. ‘ನನಗೆ ಮೂರು ಪುಟಗಳ ತಾಣ ಬೇಕು, ಮೇಲೆ ತೋಟದ ಚಿತ್ರವಿರಲಿ, ಕೆಳಗೆ ದೂರವಾಣಿ ಸಂಖ್ಯೆಯಿರಲಿ’ ಎಂದರೆ ಕೆಲವೇ ನಿಮಿಷಗಳಲ್ಲಿ ಪುಟ ಸಿದ್ಧ. ಸಂಕೇತವನ್ನು ಕಣ್ಣೆತ್ತಿ ನೋಡದೆ ಮಾತಿನಿಂದಲೇ ತಂತ್ರಾಂಶ ಕಟ್ಟುವ ಈ ರೂಢಿಗೆ 2025ರ ಫೆಬ್ರವರಿಯಲ್ಲಿ ಆಂಡ್ರೆ ಕಾರ್ಪಾತಿ ಎಂಬ ತಜ್ಞರು ‘ವೈಬ್ ಕೋಡಿಂಗ್’ ಎಂಬ ಹೆಸರನ್ನು ಕೊಟ್ಟರು. ಇದಕ್ಕೆ ಸರಿಯಾದ ಕನ್ನಡ ಶಬ್ದವನ್ನು ನಾನಿನ್ನೂ ಕಂಡಿಲ್ಲ. ‘ಬಾಯಿಮಾತಿನ ಕಟ್ಟೋಣ’ ಎಂದರೆ ಅರ್ಥ ಹತ್ತಿರ ಬರುತ್ತದೆ. ಏನೇ ಆಗಲಿ, ಮೂರನೆಯ ಅಡ್ಡಿಯು ತೊಲಗಿತೆಂಬುದರಲ್ಲಿ ಸಂದೇಹವಿಲ್ಲ. ಇದನ್ನು ಅಲ್ಪವೆಂದು ಎಣಿಸುವವರು ಹಿಂದಿನ ಕಷ್ಟವನ್ನು ಅರಿಯರು.

ಕನ್ನಡಿಗರ ಪಾಲಿಗಂತೂ ಆ ಕಷ್ಟ ಇಮ್ಮಡಿಯಾಗಿತ್ತು. ಗಣಕದಲ್ಲಿ ಕನ್ನಡ ಮೂಡುವುದೇ ಒಂದು ಕಾಲದಲ್ಲಿ ಸಾಹಸ. ಕೆ.ಪಿ. ರಾವ್ ಅವರು ನಮ್ಮ ವರ್ಣಮಾಲೆಯ ತರ್ಕವನ್ನೇ ಕೀಲಿಮಣೆಗೆ ಅಳವಡಿಸಿ, ವ್ಯಂಜನದ ಮೇಲೆ ಸ್ವರ ಸೇರಿದಾಗ ಗುಣಿತಾಕ್ಷರವು ತಾನಾಗಿ ಮೂಡುವ ವಿನ್ಯಾಸವನ್ನು ರೂಪಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳಿಂದ ಹಿಡಿದು ನಮ್ಮ ಶಾಲೆಯ ಕಾರ್ಯಾಲಯದವರೆಗೆ ವ್ಯಾಪಿಸಿತು. ಆದರೆ ಆ ಕಾಲದ ಅಕ್ಷರಗಳು ಒಳಗೆ ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳನ್ನೇ ಹೊತ್ತು, ಹೊರಗೆ ಮಾತ್ರ ಕನ್ನಡದ ವೇಷ ಧರಿಸಿದ್ದವು. ವೇಷ ಕಳಚಿದರೆ, ಎಂದರೆ ಆ ಅಕ್ಷರವಿನ್ಯಾಸವಿಲ್ಲದ ಗಣಕದಲ್ಲಿ ತೆರೆದರೆ, ಅರ್ಥವಿಲ್ಲದ ಗೀಚು ಕಾಣುತ್ತಿತ್ತು. ಯುನಿಕೋಡ್ ಎಂಬ ಜಾಗತಿಕ ವ್ಯವಸ್ಥೆಯಲ್ಲಿ 1991ರಿಂದಲೇ ಕನ್ನಡಕ್ಕೆ ಸ್ವಂತ ಸ್ಥಾನವಿದ್ದರೂ ಅದು ನಮ್ಮ ಬಳಕೆಗೆ ಬರಲು ಬಹುಕಾಲ ಹಿಡಿಯಿತು.

ಶಿಕ್ಷಕರು ಈ ಸೂಕ್ಷ್ಮವನ್ನು ಗಮನಿಸಬೇಕು. ಸಂಸ್ಥೆಗಳ ಬೀರುಗಳಲ್ಲಿರುವ ಹಳೆಯ ವರದಿಗಳು, ಭಾಷಣಗಳು, ಸ್ಮರಣ ಸಂಚಿಕೆಗಳ ಲೇಖನಗಳು ಬಹುಪಾಲು ಆ ಹಳೆಯ ವೇಷದಲ್ಲಿಯೇ ಇವೆ. ಅವನ್ನು ಹಾಗೆಯೇ ಯಂತ್ರಬುದ್ಧಿಯ ಮುಂದಿಟ್ಟು ‘ಇದರಿಂದ ಜಾಲತಾಣ ಮಾಡು’ ಎಂದರೆ ಅದಕ್ಕೆ ಕನ್ನಡ ಕಾಣಿಸುವುದೇ ಇಲ್ಲ. ಮೊದಲು ಯುನಿಕೋಡಿಗೆ ಪರಿವರ್ತಿಸಿ, ಪರಿವರ್ತನೆಯಲ್ಲಿ ಕೆಡುವ ಒತ್ತಕ್ಷರಗಳನ್ನೂ ಅರ್ಕಾವೊತ್ತನ್ನೂ ಒಂದೊಂದಾಗಿ ತಿದ್ದಬೇಕು. ಇಂಥ ಶ್ರಮಕ್ಕೆ ಆದರ್ಶವೆನ್ನಬಹುದಾದ ಕಾರ್ಯ ನಮ್ಮಲ್ಲಿ ಈಗಾಗಲೇ ನಡೆದಿದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ಹದಿನೈದು ಸಂಪುಟಗಳಲ್ಲಿ ಪ್ರಕಟಿಸಿದ ಸಮಗ್ರ ವಚನ ಸಾಹಿತ್ಯದ ಪಠ್ಯವನ್ನು ಯುನಿಕೋಡಿಗೆ ತಂದು, ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳಲ್ಲಿ ಯಾವ ಶಬ್ದ ಎಲ್ಲೆಲ್ಲಿ ಬಂದಿದೆಯೆಂದು ಕ್ಷಣದಲ್ಲಿ ಹುಡುಕಬಹುದಾದ ‘ವಚನ ಸಂಚಯ’ವೆಂಬ ತಾಣವನ್ನು ಓಂಶಿವಪ್ರಕಾಶ್, ದೇವರಾಜ್, ವಸುಧೇಂದ್ರ, ಓ.ಎಲ್. ನಾಗಭೂಷಣಸ್ವಾಮಿ ಮೊದಲಾದವರು ಕಟ್ಟಿದರು. ಅದು ಬಂದದ್ದು ಈ ಮಾತಾಡುವ ಯಂತ್ರಗಳು ಹುಟ್ಟುವುದಕ್ಕೂ ಮೊದಲು. ಅಲ್ಲಿ ಗಣಕ ಬಲ್ಲವರೂ ಸಾಹಿತ್ಯ ಬಲ್ಲವರೂ ಒಂದೇ ಪಂಕ್ತಿಯಲ್ಲಿ ಕುಳಿತರು. ಈಗ ಗಣಕ ಬಲ್ಲವನ ಸ್ಥಾನದಲ್ಲಿ ಯಂತ್ರವನ್ನು ಕೂರಿಸಬಹುದು ಎನ್ನುತ್ತಾರೆ, ಆಗಲಿ. ಸಾಹಿತ್ಯ ಬಲ್ಲವನ ಎಲೆ ಮಾತ್ರ ಖಾಲಿಯಿರಬಾರದು.

ಇನ್ನೊಂದು ಚಿಕ್ಕ ವಿಷಯ. ಇಂಗ್ಲಿಷಿನ ಒಂದು ಅಕ್ಷರವನ್ನು ಯುನಿಕೋಡಿನ ಪ್ರಚಲಿತ ಲಿಖಿತರೂಪದಲ್ಲಿ ಇರಿಸಲು ಒಂದು ಬೈಟ್ ಸಾಕು. ಕನ್ನಡದ ಪ್ರತಿಯೊಂದು ಘಟಕಕ್ಕೂ ಮೂರು ಬೇಕು. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಸಕಾರ, ತಕಾರ, ರೇಫ, ಎರಡು ವಿರಾಮಚಿಹ್ನೆ, ದೀರ್ಘ ಈಕಾರ ಸೇರಿ ಆರು ಘಟಕಗಳಿವೆ, ಹದಿನೆಂಟು ಬೈಟುಗಳಾದವು. ಅನೇಕ ಯಂತ್ರಗಳು ಕನ್ನಡದ ಪದವನ್ನು ಇಂಗ್ಲಿಷಿನದಕ್ಕಿಂತ ಹೆಚ್ಚು ತುಂಡುಗಳಾಗಿ ಕತ್ತರಿಸಿ ಓದುವುದರಿಂದ, ತುಂಡಿನ ಲೆಕ್ಕದಲ್ಲಿ ಹಣ ಪಡೆಯುವ ಸೇವೆಗಳಲ್ಲಿ ಕನ್ನಡಿಗನು ಅಷ್ಟೇ ಮಾತಿಗೆ ಹೆಚ್ಚು ತೆರಬೇಕಾಗುತ್ತದೆ. ಸಂಯುಕ್ತಾಕ್ಷರಕ್ಕೆ ಸುಂಕ ಬಿದ್ದದ್ದು ಕನ್ನಡದ ಚರಿತ್ರೆಯಲ್ಲಿ ಇದೇ ಮೊದಲಿರಬೇಕು!

ಈಗ ಪ್ರತ್ಯಕ್ಷವಾಗಿ ಕಂಡ ಒಂದು ಸಂಗತಿಯನ್ನು ನಿವೇದಿಸುತ್ತೇನೆ. ಕಳೆದ ವರ್ಷ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಅಧ್ಯಾಪಕರ ಕೊಠಡಿಗೆ ಬಂದು, ಇಂಥದೊಂದು ಸಾಧನಕ್ಕೆ ‘ತಿಪಟೂರು ಸೀಮೆಯ ಕೊಬ್ಬರಿಯನ್ನು ಪರಿಚಯಿಸುವ ಪುಟ ಬೇಕು’ ಎಂದು ಆಜ್ಞಾಪಿಸಿದರು. ನಾವು ಕಾಫಿ ಕುಡಿದು ಮುಗಿಸುವ ಮೊದಲೇ ಪುಟ ಎದ್ದು ನಿಂತಿತು. ನೋಡಲು ಸೊಗಸು, ಪತ್ರಿಕೆಯವರೂ ಮೆಚ್ಚಬೇಕು. ಆದರೆ ಮೇಲೆ ಹಾಕಿದ್ದ ಚಿತ್ರದಲ್ಲಿ ತೆಂಗಿನ ಮರಗಳ ಹಿಂದೆ ಅಲೆಯಪ್ಪಳಿಸುವ ಕಡಲು! ಯಂತ್ರವು ಕಂಡ ಚಿತ್ರಗಳಲ್ಲಿ ತೆಂಗಿಗೂ ಕಡಲಿಗೂ ಬಿಡದ ನಂಟಿರಬೇಕು. ಕೆರೆಯ ನೀರನ್ನೂ ಕೊಳವೆಬಾವಿಯನ್ನೂ ನಂಬಿದ ಬಯಲುಸೀಮೆಯ ತೋಟ ಅದಕ್ಕೆ ಹೇಗೆ ಹೊಳೆಯಬೇಕು? ಬರಹದಲ್ಲಿ, ಕಾಯನ್ನು ಎರಡು ಹೋಳು ಮಾಡಿ ಬಿಸಿಲಿನಲ್ಲಿ ಒಣಗಿಸಿ ಕೊಬ್ಬರಿ ತಯಾರಿಸುತ್ತಾರೆಂದು ಬರೆದಿತ್ತು. ಭಾಷೆಯಲ್ಲಿ ವ್ಯಾಕರಣದೋಷ ಹೆಚ್ಚೇನಿರಲಿಲ್ಲ. ಆದರೆ ‘ಇಂದೇ ನಿಮ್ಮ ರುಚಿಯ ಪಯಣವನ್ನು ಆರಂಭಿಸಿ’ ಎಂಬಂಥ, ಯಾವ ಕನ್ನಡಿಗನ ಬಾಯಲ್ಲೂ ಬಾರದ ವಾಕ್ಯಗಳು ಅಲ್ಲಲ್ಲಿ ಇದ್ದವು.

ಅಧ್ಯಾಪಕರಾದ ನಾವು ಭಾಷೆಯ ದೋಷವನ್ನು ಎತ್ತಿಹಿಡಿದೆವು. ವಿಷಯದ ದೋಷವನ್ನು ಹಿಡಿದವರು ಕಾಫಿ ತಂದಿದ್ದ ಜವಾನರು. ‘ಮೇಷ್ಟ್ರೇ, ಒಡೆದು ಬಿಸಿಲಿಗಾಕಿದ್ರೆ ಅದು ಎಣ್ಣೆ ಕೊಬ್ಬರಿ. ನಮ್ದು ಉಂಡೆ ಕೊಬ್ಬರಿ. ಕಾಯಿನ ಹಂಗೇ ಅಟ್ಟದ ಮೇಲೆ ಬಿಡ್ಬೇಕು, ವರ್ಷೊಪ್ಪತ್ತು ಆಗ್ತದೆ, ಒಳಗಿನ ನೀರು ತಾನೇ ಹಿಂಗ್ಬೇಕು. ಅಲ್ಲಾಡಿಸಿದ್ರೆ ಗಿಟುಕು ಲೊಟಲೊಟ ಅನ್ಬೇಕು. ಆಮೇಲೆ ಸುಲಿದು, ಕರಟ ಒಡೆದು, ಉಂಡೆ ಈಚೆಗೆ ತೆಗೀತೀವಿ’ ಎಂದರು. ವಿದ್ಯಾರ್ಥಿಯು ಅದೇ ಮಾತನ್ನು ಅವರ ಬಾಯಿಂದಲೇ ಯಂತ್ರಕ್ಕೆ ಹೇಳಿಸಿದರು. ಯಂತ್ರವು ಸ್ವಲ್ಪವೂ ವಾದಿಸದೆ ಇಡೀ ಪುಟವನ್ನು ತಿದ್ದಿ, ಅಟ್ಟ, ಗಿಟುಕು, ಕರಟ ಎಂಬ ಶಬ್ದಗಳನ್ನು ಅವುಗಳ ಸ್ಥಾನದಲ್ಲಿರಿಸಿ, ಕಡಲನ್ನು ತೆಗೆದುಹಾಕಿತು. ಏಳನೆಯ ತರಗತಿಯನ್ನೂ ಪೂರೈಸದ ಆ ಹಿರಿಯರು ಹತ್ತು ನಿಮಿಷದಲ್ಲಿ, ಎಂಜಿನಿಯರುಗಳಿಂದಲೂ ಆಗದ ಒಂದು ಕೊಬ್ಬರಿಯ ಪುಟವನ್ನು ಕಟ್ಟಿಸಿದ್ದರು.

ಆರಂಭದ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರದ ಬೀಜವು ಇಲ್ಲಿದೆ. ಯಂತ್ರವು ಸಾಮಾನ್ಯನಿಗೆ ನೆರವಾಗುತ್ತದೆ, ನಿಜ. ಆದರೆ ಯಾವ ಸಾಮಾನ್ಯನಿಗೆ? ಹೇಳಬೇಕಾದುದು ತನ್ನಲ್ಲಿದ್ದು, ಯಂತ್ರ ಬರೆದದ್ದನ್ನು ಓದಿ ‘ಇದು ಹೀಗಲ್ಲ’ ಎನ್ನಬಲ್ಲವನಿಗೆ. ಹೇಳಲು ಏನೂ ಇಲ್ಲದವನಿಗೂ ಅದು ಅಷ್ಟೇ ಅಂದದ ಪುಟವನ್ನು ಕೊಡುತ್ತದೆ; ಅಪಾಯವಿರುವುದು ಅಲ್ಲಿ. ಹಿಂದೆ ಪುಟ ಕಟ್ಟುವುದು ಕಷ್ಟವಾಗಿದ್ದಾಗ ಹುಸಿಯನ್ನು ಕಟ್ಟುವುದೂ ಕಷ್ಟವಾಗಿತ್ತು.

ಹಾಲ್ಕುರಿಕೆಯ ದೃಷ್ಟಾಂತವನ್ನೇ ತೆಗೆದುಕೊಳ್ಳಬಹುದು. ತೆಲುಗಿನಲ್ಲಿ ಬಸವಪುರಾಣವನ್ನು ರಚಿಸಿದ ಪಾಲ್ಕುರಿಕೆ ಸೋಮನಾಥನ ಜನ್ಮಸ್ಥಳ ಯಾವುದೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. ತೆಲಂಗಾಣದ ಜನಗಾಂವ್ ಜಿಲ್ಲೆಯ ಪಾಲಕುರ್ತಿಯೆಂಬುದು ಒಂದು ಪಕ್ಷ. ನಮ್ಮ ಹಾಲ್ಕುರಿಕೆಯೆಂಬುದು ಇನ್ನೊಂದು. ಹಳಗನ್ನಡದ ಪಕಾರವು ಮುಂದೆ ಹಕಾರವಾಯಿತೆಂಬುದು ಕನ್ನಡ ಶಾಲೆಯ ಮಕ್ಕಳಿಗೂ ತಿಳಿದ ನಿಯಮ. ಪಾಲು ಹಾಲಾದಂತೆ ಪಾಲ್ಕುರಿಕೆ ಹಾಲ್ಕುರಿಕೆಯಾಗಲು ಧ್ವನಿನಿಯಮದ ಅಡ್ಡಿಯಿಲ್ಲ. ಆದರೆ ನಿಯಮವು ಹೀಗಾಗಿರಬಹುದೆಂದು ಹೇಳುತ್ತದೆಯೇ ಹೊರತು ಹೀಗೆಯೇ ಆಯಿತೆಂದು ಸಾಧಿಸುವುದಿಲ್ಲ. ಧ್ವನಿಸಾಮ್ಯದಿಂದ ಸ್ಥಳನಿರ್ಣಯ ಮಾಡುವುದು ಶಾಸ್ತ್ರಸಮ್ಮತವಲ್ಲ. ಯಂತ್ರವನ್ನು ನೇರವಾಗಿ ಪ್ರಶ್ನಿಸಿದರೆ ಅದು ಎರಡು ಪಕ್ಷಗಳನ್ನೂ ಹೇಳಬಹುದು. ಆದರೆ ‘ನಮ್ಮೂರಿನ ಹಿರಿಮೆಯನ್ನು ಸಾರುವ ಪುಟ ಬರೆ’ ಎಂದವನಿಗೆ ಅದು ಊರಿನವನಿಗೆ ಪ್ರಿಯವಾದ ಪಕ್ಷವನ್ನೇ ಸಿದ್ಧಾಂತವೆಂಬಂತೆ ಬರೆದುಕೊಡುವ ಸಂಭವ ಹೆಚ್ಚು. ಪಾಲಕುರ್ತಿಯವರು ಕೇಳಿದರೆ ಅವರಿಗೂ ಹಾಗೆಯೇ. ನಾಳೆ ಹುಟ್ಟುವ ಯಂತ್ರವು ಈ ಪುಟಗಳನ್ನೇ ಓದಿ ಕಲಿಯುತ್ತದೆ. ನಮ್ಮ ಅಭಿಮಾನದ ಮಾತು ಅದರ ಬಾಯಲ್ಲಿ ಪ್ರಮಾಣವಾಗಿ ನಮಗೇ ಹಿಂದಿರುಗಿ ಬರುತ್ತದೆ. ದೊಡ್ಡ ಊರಿನ ಕುರಿತು ನೂರು ಮಂದಿ ಬರೆದಿರುತ್ತಾರೆ, ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದುತ್ತಾರೆ. ಹಾಲ್ಕುರಿಕೆಯಂಥ ಗ್ರಾಮದ ಕುರಿತು ಇರುವ ಬರಹ ಅತ್ಯಲ್ಪ. ಅಲ್ಲಿ ಒಂದು ತಪ್ಪು ಪುಟವೇ ಊರಿನ ಚರಿತ್ರೆಯಾಗಿಬಿಡಬಲ್ಲದು.

ಪ್ರಸಂಗವಶಾತ್ ಇನ್ನೊಂದು ಮಾತು. ಸೋಮನಾಥನು ಪಂಡಿತಮಾನ್ಯವಾದ ಮಾರ್ಗವನ್ನು ಬಿಟ್ಟು, ಜನರು ಹಾಡಿಕೊಳ್ಳಬಹುದಾದ ದ್ವಿಪದಿಯನ್ನೂ ಅಚ್ಚ ದೇಸಿಯನ್ನೂ ಬುದ್ಧಿಪೂರ್ವಕವಾಗಿ ಆರಿಸಿಕೊಂಡ ಕವಿ. 1369ರಲ್ಲಿ ಭೀಮಕವಿಯು ಆ ಕೃತಿಯನ್ನು ಕನ್ನಡಕ್ಕೆ ತಂದನು. ಸಾಧನವನ್ನು ಸುಲಭ ಮಾಡಿ ಜನರ ಕೈಗಿಡಬೇಕೆಂಬ ಹಂಬಲ ಗಣಕಯುಗದಲ್ಲಿ ಹುಟ್ಟಿದ್ದಲ್ಲ. ಆದರೆ ಛಂದಸ್ಸನ್ನು ಸುಲಭ ಮಾಡಿಕೊಂಡ ಸೋಮನಾಥನು ಶರಣರ ಕಥೆಗಳನ್ನು ಸಂಗ್ರಹಿಸುವ ಶ್ರಮವನ್ನು ಕಡಮೆ ಮಾಡಿಕೊಳ್ಳಲಿಲ್ಲ.

ಲಾಭದ ಲೆಕ್ಕವನ್ನೂ ನೋಡಬೇಕಷ್ಟೆ. ನೂರು ಮರದ ಬೆಳೆಗಾರನಿಗೆ ಜಾಲತಾಣದಿಂದ ಕೊಬ್ಬರಿಯ ಬೆಲೆ ಏರುತ್ತದೆಯೆ? ಏರುವುದಿಲ್ಲವೆಂದೇ ನನ್ನ ಅಭಿಪ್ರಾಯ. ಅವನ ಕೊಬ್ಬರಿ ತಿಪಟೂರಿನ ಮಾರುಕಟ್ಟೆ ಪ್ರಾಂಗಣಕ್ಕೆ ಹೋಗುತ್ತದೆ. ಅಲ್ಲಿ ಗಣಕದ ಮೂಲಕವೇ ಟೆಂಡರು ನಡೆಯುತ್ತದೆ. ಉತ್ತರ ಭಾರತದ ಬೇಡಿಕೆಯಂತೆ ಬೆಲೆ ನಿರ್ಧಾರವಾಗುತ್ತದೆ. ಅವನ ಪುಟವನ್ನು ಓದಿ ಯಾವ ವರ್ತಕನೂ ಎರಡು ರೂಪಾಯಿ ಹೆಚ್ಚು ಕೊಡುವುದಿಲ್ಲ. ಜಾಲತಾಣ ಕಟ್ಟಿಕೊಟ್ಟರೆ ರೈತನ ಬಾಳು ಬಂಗಾರವಾಗುವುದೆಂದು ಹೇಳುವವರ ಮಾತನ್ನು ಸ್ವಲ್ಪ ಸೋಸಿ ಕೇಳಬೇಕು. ಆದರೆ ಗಾಣದಲ್ಲಿ ಎಣ್ಣೆ ತೆಗೆದು ನೇರವಾಗಿ ಮನೆಗಳಿಗೆ ಮಾರುವವರು, ನಾರಿನಿಂದ ಕಾಲೊರಸು ಮಾಡುವ ಮಹಿಳಾ ಸಂಘದವರು, ಕರಟದಲ್ಲಿ ಕುಸುರಿ ಮಾಡುವವರು, ಇವರ ವಿಷಯ ಬೇರೆ. ಕೊಳ್ಳುವವನು ದೂರದಲ್ಲಿದ್ದು, ಮಾಡಿದವರು ಯಾರೆಂದು ತಿಳಿಯಬಯಸುವಲ್ಲಿ ಒಂದು ಪ್ರಾಮಾಣಿಕವಾದ ಪುಟಕ್ಕೆ ಬೆಲೆಯುಂಟು. ಅಂಥವರು ಹಿಂದೆ ನಗರದ ಕಂಪನಿಗೆ ಸಾವಿರಾರು ರೂಪಾಯಿ ಕೊಟ್ಟು, ಒಂದು ಅಕ್ಷರ ತಿದ್ದಬೇಕಾದರೂ ಮತ್ತೆ ಅವರ ಬಾಗಿಲಿಗೆ ಹೋಗಬೇಕಾಗಿತ್ತು. ಆ ಪರಾಧೀನತೆ ತಪ್ಪಿರುವುದು ನಿಜವಾದ ಉಪಕಾರ.

ಕಟ್ಟಿದ ಮೇಲಿನ ಪಾಲನೆಯ ವಿಷಯದಲ್ಲಿ ಯಂತ್ರದ ನೆರವು ಬಹಳ ಕಡಮೆ. ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ 2024ರ ಹಂಗಾಮಿನಲ್ಲಿ ಕ್ವಿಂಟಲಿಗೆ 12,000 ರೂಪಾಯಿ, 2025ರಲ್ಲಿ 12,100 ರೂಪಾಯಿ. ಹಳೆಯ ಅಂಕಿಯನ್ನು ಬದಲಿಸದೆ ಬಿಟ್ಟ ಪುಟವು ಸುಳ್ಳು ಹೇಳಬೇಕೆಂಬ ಇಚ್ಛೆಯಿಲ್ಲದೆಯೇ ಸುಳ್ಳು ಹೇಳುತ್ತದೆ. ಯಂತ್ರದ ತಿಳಿವಳಿಕೆಯೂ ಒಂದು ದಿನಾಂಕಕ್ಕೆ ನಿಂತಿರುತ್ತದೆ. ಹೊಸದನ್ನು ಹುಡುಕೆಂದು ಹೇಳುವವರಿಲ್ಲದಿದ್ದರೆ ಹಳೆಯದನ್ನೇ ನಿಸ್ಸಂಕೋಚವಾಗಿ ಬರೆಯುತ್ತದೆ. ಹೆಸರು, ದೂರವಾಣಿ ಸಂಖ್ಯೆಗಳನ್ನು ತುಂಬಿಸಿಕೊಳ್ಳುವ ಅರ್ಜಿಯ ಪುಟವನ್ನು ಯಂತ್ರದಿಂದ ಮಾಡಿಸಿದವರು, ಹಾಗೆ ತುಂಬಿದ ವಿವರ ಎಲ್ಲಿ ಸೇರುತ್ತದೆ, ಯಾರಿಗೆ ಕಾಣುತ್ತದೆ ಎಂಬುದನ್ನು ಬಲ್ಲವರೊಬ್ಬರಿಗೆ ತೋರಿಸಿಯೇ ಬಳಕೆಗೆ ಬಿಡಬೇಕು. ಮೇಲೆ ಬೀಗ ಕಾಣುತ್ತಿದ್ದರೂ ಹಿತ್ತಲ ಬಾಗಿಲು ತೆರೆದಿರುವುದುಂಟು. ಶಾಲೆಗಳಿಗಂತೂ ಇನ್ನೂ ಎಚ್ಚರ ಬೇಕು. 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯು ಹದಿನೆಂಟು ವರ್ಷ ತುಂಬದವರ ವಿವರಗಳನ್ನು ಬಳಸಲು ಪೋಷಕರ ಒಪ್ಪಿಗೆಯನ್ನು ಕೇಳುತ್ತದೆ. ವಾರ್ಷಿಕೋತ್ಸವದ ಚಿತ್ರಗಳನ್ನು ಮಕ್ಕಳ ಹೆಸರು ತರಗತಿಗಳ ಸಮೇತ ಲೋಕಕ್ಕೆಲ್ಲ ಹಂಚುವ ಉತ್ಸಾಹವನ್ನು ನಾವು ಹತೋಟಿಯಲ್ಲಿಡಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಒಡೆತನ. ಇಂದಿನ ಅನೇಕ ಸಾಧನಗಳು ಪುಟವನ್ನು ಉಚಿತವಾಗಿ ಕಟ್ಟಿಕೊಟ್ಟು ತಮ್ಮದೇ ವಿಳಾಸದ ಕೆಳಗೆ ಇಟ್ಟುಕೊಳ್ಳುತ್ತವೆ. ಅದು ಪರರ ಜಮೀನಿನಲ್ಲಿ ತೆಂಗಿನ ಸಸಿ ನೆಟ್ಟಂತೆ. ಫಲ ಬರುವ ಹೊತ್ತಿಗೆ ಬೇಲಿ ಯಾರದೋ ಆಗಿರುತ್ತದೆ. ಜಿಯೋಸಿಟೀಸಿನ ಕಥೆಯನ್ನು ಮೊದಲೇ ಹೇಳಿದ್ದು ಇದಕ್ಕಾಗಿ. ಇನ್ನು ಸ್ವಂತ ವಿಳಾಸ ಕೊಂಡ ಸಂಸ್ಥೆಗಳಲ್ಲಿಯೂ ಅದು ಸಾಮಾನ್ಯವಾಗಿ ಉತ್ಸಾಹಿಯಾದ ಒಬ್ಬ ಹಳೆಯ ವಿದ್ಯಾರ್ಥಿಯ ಹೆಸರಿನಲ್ಲಿರುತ್ತದೆ. ಅವರು ಉದ್ಯೋಗ ಬದಲಿಸಿ ಪರದೇಶಕ್ಕೆ ಹೋದರು, ಶುಲ್ಕ ಕಟ್ಟುವ ಸೂಚನೆ ಅವರ ಹಳೆಯ ಮಿಂಚಂಚೆಗೆ ಬಂದು ಬಿದ್ದಿತು, ತಾಣ ಕಣ್ಮರೆಯಾಯಿತು. ಇಂಥ ತಾಣಗಳನ್ನು ಬಲ್ಲವರು ಈ ಸಂಪುಟದ ವಾಚಕರಲ್ಲಿಯೇ ಹಲವರಿರಬಹುದು.

ಆದುದರಿಂದ ದಾನಿಗಳಲ್ಲಿ ಒಂದು ವಿಜ್ಞಾಪನೆ. ಕಟ್ಟಿಸಿಕೊಡುವುದಕ್ಕೆ ಈಗ ದೊಡ್ಡ ಹಣ ಬೇಕಾಗಿಲ್ಲ, ಉಳಿಸುವುದಕ್ಕೆ ಬೇಕು. ವಿಳಾಸವನ್ನು ಒಮ್ಮೆಗೆ ಗರಿಷ್ಠ ಹತ್ತು ವರ್ಷಗಳವರೆಗೆ ನೋಂದಾಯಿಸಬಹುದು. ಶಾಲೆಯ ಹೆಸರಿನಲ್ಲಿಯೇ, ಶಾಲೆಯ ಮಿಂಚಂಚೆ ಕೊಟ್ಟು, ಹಾಗೆ ನೋಂದಾಯಿಸಿ, ಗುಪ್ತಪದವನ್ನು ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ದಾಖಲೆಗಳ ಜೊತೆ ಇರಿಸುವ ವ್ಯವಸ್ಥೆಯಾಗಬೇಕು. ‘ಭಾರತ’ ಎಂಬ ಅಂತ್ಯಪದವಿರುವ, ಪೂರ್ತಿ ಕನ್ನಡ ಲಿಪಿಯ ವಿಳಾಸವನ್ನು ಪಡೆಯಲೂ ಅವಕಾಶವಿದೆ. ಕೆಲವು ತಂತ್ರಾಂಶಗಳು ಇನ್ನೂ ಅದನ್ನು ಗುರುತಿಸದೆ ತೊಡರುವುದರಿಂದ ಇಂಗ್ಲಿಷ್ ಲಿಪಿಯದನ್ನೂ ಜೊತೆಗಿರಿಸಿಕೊಳ್ಳುವುದು ಲೇಸು.

ಅಧ್ಯಾಪಕ ಮಿತ್ರರಿಗೆ ಹೇಳುವುದಿಷ್ಟು. ಸಂಕೇತಭಾಷೆಯನ್ನು ಬಲ್ಲವರು ಗಣಿತದ ಕೊಠಡಿಯಲ್ಲಿ ಅದನ್ನು ಕಲಿಸಲಿ. ನಮ್ಮ ಕನ್ನಡ ತರಗತಿಯಲ್ಲಿ, ಯಂತ್ರ ಬರೆದ ಒಂದು ಪುಟವನ್ನು ಕರಿಹಲಗೆಯ ಮೇಲೆ ಬರೆದು, ಇದರಲ್ಲಿ ನಿಜವೆಷ್ಟು, ಊಹೆಯೆಷ್ಟು, ನಮ್ಮ ಮಾತೆಷ್ಟು, ಅನುವಾದದ ವಾಸನೆಯೆಷ್ಟು ಎಂದು ಮಕ್ಕಳಿಂದ ತಿದ್ದಿಸುವ ಅಭ್ಯಾಸವನ್ನು ಆರಂಭಿಸಬಹುದು. ಯಂತ್ರಕ್ಕೆ ಆಜ್ಞೆ ಕೊಡುವುದೆಂದರೆ ಬೇಕಾದುದನ್ನು ಸಂದಿಗ್ಧವಿಲ್ಲದೆ ಹೇಳುವುದು. ಕರ್ತೃ, ಕರ್ಮ, ಕ್ರಿಯಾಪದಗಳ ಅನ್ವಯವನ್ನು ಬಲ್ಲ ವಿದ್ಯಾರ್ಥಿಗೆ ಅದು ಬೇಗ ಒಲಿಯುತ್ತದೆ. ಒಂಬತ್ತನೆಯ ತರಗತಿಯವರಿಗೆ ಈ ಬೇಸಗೆಗೆ ಒಂದು ಕೆಲಸ ಕೊಟ್ಟಿದ್ದೇನೆ. ಹೊಂಬಾಳೆ, ಕುರುಂಬೆ, ಎಳನೀರು, ಗಿಟುಕು, ಕರಟ, ಸೋಗೆ ಮೊದಲಾಗಿ ತೆಂಗಿಗೆ ಸಂಬಂಧಿಸಿದ ಶಬ್ದಗಳನ್ನು ಮನೆಯ ಹಿರಿಯರ ಬಾಯಿಂದ ಕೇಳಿ, ಹೇಳಿದವರ ಒಪ್ಪಿಗೆ ಪಡೆದು, ಕಾಗದದಲ್ಲಿ ಬರೆದು ತರಬೇಕು. ತುರುವೇಕೆರೆಯ ಕಡೆಯ ಮಕ್ಕಳೂ ಚಿಕ್ಕನಾಯಕನಹಳ್ಳಿಯ ಕಡೆಯ ಮಕ್ಕಳೂ ಒಂದೇ ವಸ್ತುವಿಗೆ ಬೇರೆ ಹೆಸರು ತಂದರೆ ಎರಡನ್ನೂ ಉಳಿಸಿಕೊಳ್ಳುತ್ತೇವೆ. ಆ ಪಟ್ಟಿಯನ್ನು ತಿದ್ದಿ ಮುಗಿಸಿದ ಮೇಲೆ ಯಂತ್ರದ ಮುಂದೆ ಇಡುವುದೆಂದು ಗೊತ್ತುಮಾಡಿದ್ದೇವೆ.